ಚಿಟ್ಟೆಗಳು ಕಡಿಮೆಯಾದ ವರ್ಷ ದೂರುವುದು ಯಾರನ್ನು?

ಮಳೆ ಹೆಚ್ಚಾಯಿತು, ಮಳೆ ಕೈಕೊಟ್ಟಿತು ಎಂಬ ಮಾತು ನಮ್ಮ ಮಲೆನಾಡಿನ ಜಗಲಿಗಳಿಗೆ ಹೊಸದಲ್ಲ. ಈಚಿನ ವರ್ಷಗಳಲ್ಲಿ ಆ ಮಾತಿನ ಬೆನ್ನಿಗೇ ಇನ್ನೊಂದು ಮಾತೂ ಕೇಳಿಬರುತ್ತಿದೆ. ‘ಈ ವರ್ಷ ಚಿಟ್ಟೆಗಳೇ ಕಾಣಿಸುತ್ತಿಲ್ಲ, ಎಲ್ಲವೂ ಮುಗಿಯಿತು’ ಎಂದು ಕೆಲವರು ಮರುಗುತ್ತಾರೆ. ಮರುವರ್ಷ ತೋಟದ ಅಂಚಿನಲ್ಲಿಯೂ ಹೊಳೆಯ ಒದ್ದೆ ಮರಳಿನ ಮೇಲೆಯೂ ನೂರಾರು ಚಿಟ್ಟೆಗಳು ಕುಳಿತದ್ದನ್ನು ಕಂಡು ‘ಪರಿಸರದವರು ಸುಮ್ಮನೆ ಹೆದರಿಸುತ್ತಾರೆ’ ಎಂದು ಮತ್ತೆ ಕೆಲವರು ನಗುತ್ತಾರೆ. ಈ ಎರಡೂ ತೀರ್ಮಾನಗಳು ಒಂದೇ ಅವಸರದಿಂದ ಹುಟ್ಟಿದವು. ಒಂದು ವರ್ಷದ ಸಂಖ್ಯೆಯನ್ನು ಹಿಡಿದು ಚಿಟ್ಟೆಗಳ ಭವಿಷ್ಯವನ್ನು ನಿರ್ಣಯಿಸಲು ಬರುವುದಿಲ್ಲ. ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ಬಹುಮಟ್ಟಿಗೆ ಹವಾಮಾನದ್ದು. ಇಳಿದ ಸಂಖ್ಯೆ ಮತ್ತೆ ಏರಬಲ್ಲುದೇ ಎಂಬುದು ಮಾತ್ರ ನೆಲಕ್ಕೆ ಸಂಬಂಧಿಸಿದ್ದು, ಎಂದರೆ ನಮಗೆ ಸಂಬಂಧಿಸಿದ್ದು. ಈ ಎರಡನ್ನು ಬೇರ್ಪಡಿಸಿ ನೋಡುವುದನ್ನು ಕಲಿಯದೆ ಚಿಟ್ಟೆಗಳ ಪರವಾಗಿ ನಾವು ಆಡುವ ಮಾತಿಗೆ ತೂಕ ಬರಲಾರದು.

ಇದನ್ನು ವಿವರಿಸಲು ಮಲೆನಾಡಿನ ಊರೊಂದನ್ನು ಬಿಟ್ಟು, ದೂರದ ಬಯಲುಸೀಮೆಯ ಬಾಗಲೂರನ್ನು ಆರಿಸಿಕೊಂಡಿದ್ದೇನೆ. ಹೊಸೂರಿನ ಪಕ್ಕದ ಬಾಗಲೂರಲ್ಲ. ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಆಚೆ, ಜಾಲ ಹೋಬಳಿಯಲ್ಲಿರುವ ಬಾಗಲೂರು. ಗುಡ್ಡಗಾಡಿನ ಪತ್ರಿಕೆಯಲ್ಲಿ ಆ ಊರಿನ ಮಾತೇಕೆ ಎಂದು ಓದುಗರು ಕೇಳಬಹುದು. ನಮ್ಮ ಕಾಡಿನ ಚಿಟ್ಟೆಗಳಲ್ಲಿ ಕೆಲವಕ್ಕೆ ಆ ಬಯಲು ಎರಡನೆಯ ಮನೆ ಎಂಬುದೇ ಇದಕ್ಕೆ ಉತ್ತರ.

ಘಟ್ಟಕ್ಕೂ ಬಯಲಿಗೂ ನಡುವಿನ ದಾರಿ

ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗೀರುಗಳುಳ್ಳ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್ ಚಿಟ್ಟೆಗಳನ್ನೂ ಕಂದುಗಪ್ಪು ಬಣ್ಣದ ಕಾಮನ್ ಕ್ರೋ, ಡಬಲ್ ಬ್ರ್ಯಾಂಡೆಡ್ ಕ್ರೋ ಚಿಟ್ಟೆಗಳನ್ನೂ ಮಲೆನಾಡಿನ ಮಕ್ಕಳೆಲ್ಲ ಕಂಡಿರುತ್ತಾರೆ. ಮುಂಗಾರಿಗೆ ಮುನ್ನ, ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ, ಇವು ಪಶ್ಚಿಮ ಘಟ್ಟದ ಜಡಿಮಳೆಯಿಂದ ತಪ್ಪಿಸಿಕೊಂಡು ಪೂರ್ವದ ಬಯಲಿನ ಕಡೆಗೂ ಪೂರ್ವ ಘಟ್ಟದ ಗುಡ್ಡಗಳ ಕಡೆಗೂ ದೊಡ್ಡ ಸಂಖ್ಯೆಯಲ್ಲಿ ಹಾರುತ್ತವೆ. ಅಲ್ಲಿನ ಹದವಾದ ಮಳೆಯಲ್ಲಿ ಸಂತಾನ ಬೆಳೆಸಿ, ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹೊಸ ತಲೆಮಾರಿನ ಚಿಟ್ಟೆಗಳು ಪಶ್ಚಿಮಕ್ಕೆ ಮರಳುತ್ತವೆ. ಈ ವಲಸೆಯಲ್ಲಿ ಯಾವ ಯಾವ ಪ್ರಭೇದಗಳಿರುತ್ತವೆ, ಅವು ಯಾವ ದಿಕ್ಕಿಗೆ ಸಾಗುತ್ತವೆ ಎಂಬುದನ್ನು ಕೃಷ್ಣಮೇಘ ಕುಂಟೆಯವರು 2005ರಲ್ಲಿ ವಿವರವಾಗಿ ದಾಖಲಿಸಿದರು. ಹೆಣ್ಣು ಚಿಟ್ಟೆಗಳು ತಮ್ಮ ದೇಹದ ಸಾರವನ್ನು ಹಾರಾಟಕ್ಕೂ ಮೊಟ್ಟೆಗೂ ಹಂಚಿಕೊಳ್ಳುವ ಬಗೆಯು ಮಳೆಗಾಲದ ಲಯಕ್ಕೆ ತಕ್ಕಂತೆ ಬದಲಾಗುವುದನ್ನು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆ ಅಧ್ಯಯನ ನಡೆದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿರುವುದು ಹೆಬ್ಬಾಳ ಯಲಹಂಕಗಳ ನಡುವಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ. ಬಾಗಲೂರು ಅಲ್ಲಿಂದ ಹೆಚ್ಚು ದೂರವಿಲ್ಲ.

ಆದುದರಿಂದ ಮಲೆನಾಡಿನ ತೋಟದಲ್ಲಿ ಡಿಸೆಂಬರಿನಲ್ಲಿ ಬ್ಲೂ ಟೈಗರ್ ಕಡಿಮೆ ಕಂಡರೆ, ಅದರ ಕಾರಣ ನಮ್ಮ ಕಾಡಿನಲ್ಲೇ ಇರಬೇಕೆಂದಿಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಯಲುಸೀಮೆಯ ಬೇಲಿಗಳಲ್ಲಿ ಹಾಲು ಸುರಿಸುವ ಬಳ್ಳಿಗಳಿಗೆ ಚಿಗುರು ಬಂತೇ ಎಂಬ ಪ್ರಶ್ನೆಯೂ ಅದರಲ್ಲಿ ಸೇರಿದೆ. ಬಯಲಿನವರಿಗೂ ಇದೇ ಮಾತು ಅನ್ವಯಿಸುತ್ತದೆ. ಮೇ ತಿಂಗಳಿನಲ್ಲಿ ಅವರ ಕೆರೆಯ ಏರಿಯ ಮೇಲೆ ಹಾರಿಬರುವ ದಂಡು ನಮ್ಮ ಸೊಪ್ಪಿನಬೆಟ್ಟಗಳ ಆರೋಗ್ಯವನ್ನು ಹೊತ್ತು ತರುತ್ತದೆ.

ಮಳೆಯ ಮೊತ್ತವಲ್ಲ, ಮಳೆಯ ಹೊತ್ತು

ಹವಾಮಾನವು ಚಿಟ್ಟೆಯ ಸಂಖ್ಯೆಯನ್ನು ಹೇಗೆ ಆಳುತ್ತದೆ? ಮೊದಲನೆಯ ದಾರಿ ಚಿಗುರಿನದು. ಮರಿಹುಳು ತಿನ್ನುವುದು ಎಳೆಯ ಎಲೆಯನ್ನು. ಅದರಲ್ಲಿ ನೀರೂ ಸಾರಜನಕವೂ ಹೆಚ್ಚು. ಬಲಿತ ಎಲೆ ಗಡುಸು, ಸತ್ತ್ವ ಕಡಿಮೆ. ಮಳೆ ಬಿದ್ದು ಚಿಗುರು ಬಂದಾಗ ತಾಯಿ ಚಿಟ್ಟೆ ಮೊಟ್ಟೆಯಿಡುತ್ತದೆ. ಚಿಗುರಿನ ಕಾಲಕ್ಕೂ ಚಿಟ್ಟೆಯ ಕಾಲಕ್ಕೂ ಹೊಂದಿಕೆ ತಪ್ಪಿದರೆ ಮಳೆ ಎಷ್ಟು ಬಿದ್ದರೂ ಫಲವಿಲ್ಲ. ಎರಡನೆಯ ದಾರಿ ರೋಗದ್ದು. ಎಡೆಬಿಡದ ಮಳೆಯ ವರ್ಷ ಅಡಿಕೆಗೆ ಕೊಳೆ ರೋಗ ಹೆಚ್ಚುವುದನ್ನು ನಾವೆಲ್ಲ ಬಲ್ಲೆವು. ಅಂಥದೇ ಒದ್ದೆಯಲ್ಲಿ ಮರಿಹುಳುಗಳಿಗೂ ಶಿಲೀಂಧ್ರ ಹಾಗೂ ವೈರಾಣುಗಳ ರೋಗ ತಗುಲುತ್ತದೆ. ಹುಳುಗಳು ಎಲೆಯಿಂದ ತೊಳೆದುಹೋಗುವುದೂ ಉಂಟು. ಮೂರನೆಯ ದಾರಿ ಬಿಸಿಲಿನದು. ತಣ್ಣನೆಯ ರಕ್ತದ ಈ ಜೀವಿ ಬಿಸಿಲಿಗೆ ಮೈಯೊಡ್ಡಿ ಕಾವು ಪಡೆಯದೆ ಹಾರಲಾರದು. ವಾರಗಟ್ಟಲೆ ಮೋಡ ಕವಿದಿದ್ದರೆ ಕೂಡುವಿಕೆಗೂ ಮೊಟ್ಟೆಯಿಡುವುದಕ್ಕೂ ಸಮಯ ಸಿಗುವುದಿಲ್ಲ. ಇನ್ನೊಂದು ತುದಿಯಲ್ಲಿ, ಕಡುಬಿಸಿಲು ಹೂವಿನ ಮಕರಂದವನ್ನೂ ಎಲೆಯ ಹಸಿಯನ್ನೂ ಒಣಗಿಸುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ವರ್ಷದ ಒಟ್ಟು ಮಳೆಗಿಂತ ಯಾವ ನಕ್ಷತ್ರದಲ್ಲಿ ಎಷ್ಟು ಬಿತ್ತು ಎಂಬುದು ಮುಖ್ಯ. ಭರಣಿ, ಕೃತ್ತಿಕೆಗಳಿಂದ ಹಸ್ತ, ಚಿತ್ತೆಗಳವರೆಗೆ ಮಳೆಯನ್ನು ಹದಿನಾಲ್ಕು ದಿನಗಳ ಕಂತುಗಳಲ್ಲಿ ನೆನಪಿಡುವ ನಮ್ಮ ಕೃಷಿಕರಿಗೆ ಇದು ಹೊಸ ಪಾಠವಲ್ಲ. ಬೆಂಗಳೂರಿನ ಈಚಿನ ವರ್ಷಗಳನ್ನೇ ನೋಡಿ. 2022ರಲ್ಲಿ ನಗರದಲ್ಲಿ 1,950 ಮಿ.ಮೀ. ದಾಟಿದ ಮಳೆ ಬಿತ್ತು. ಅದು ವಾಡಿಕೆಯ ಸುಮಾರು ಇಮ್ಮಡಿ. 2023ರ ಮೇ ತಿಂಗಳೊಂದರಲ್ಲೇ 305 ಮಿ.ಮೀ. ಮಳೆಯಾಯಿತು. ಆದರೆ ಅದೇ ವರ್ಷದ ಆಗಸ್ಟ್, 1901ರಿಂದ ದಾಖಲಾದ ಆಗಸ್ಟ್‌ಗಳಲ್ಲಿ ದೇಶಕ್ಕೇ ಅತ್ಯಂತ ಒಣ ಆಗಸ್ಟ್ ಆಗಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 2024ರ ಏಪ್ರಿಲ್ 28ರಂದು ನಗರದ ಉಷ್ಣತೆ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಜೂನ್ 2ರಂದು ಒಂದೇ ದಿನ 111 ಮಿ.ಮೀ. ಮಳೆ ಸುರಿಯಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳವನ್ನು ತಲುಪಿತು.

2023ರಂಥ ವರ್ಷವನ್ನು ಮಳೆಯ ವರ್ಷವೆನ್ನಬೇಕೇ, ಬರದ ವರ್ಷವೆನ್ನಬೇಕೇ? ಚಿಟ್ಟೆಯ ಪಾಲಿಗೆ ಅದು ಎರಡೂ ಹೌದು. ಮೇ ತಿಂಗಳ ಮಳೆಗೆ ಬೇಲಿಗಳು ಚಿಗುರುತ್ತವೆ, ಮೊದಲ ಸಂತಾನಕ್ಕೆ ಮೇವು ದೊರೆಯುತ್ತದೆ. ಆಗಸ್ಟ್ ಒಣಗಿದರೆ ಆ ಸಂತಾನದ ಮರಿಗಳು ಉಪವಾಸ ಬೀಳುತ್ತವೆ. ಅಂಥ ವರ್ಷ ಜೂನ್‌ನಲ್ಲಿ ಎಣಿಸಿದವರೂ ಅಕ್ಟೋಬರ್‌ನಲ್ಲಿ ಎಣಿಸಿದವರೂ ಬೇರೆ ಬೇರೆ ಕಥೆ ಹೇಳಿದರೆ ಇಬ್ಬರೂ ಸತ್ಯವನ್ನೇ ಹೇಳುತ್ತಿರುತ್ತಾರೆ.

ಇನ್ನೂರು ಮೊಟ್ಟೆಗಳ ಲೆಕ್ಕ

ಏರಿಳಿತ ಇಷ್ಟು ತೀವ್ರವಾಗಿರುವುದೇಕೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಹೆಣ್ಣು 200 ಮೊಟ್ಟೆಯಿಡುತ್ತದೆ ಎಂದುಕೊಳ್ಳಿ. ಅವುಗಳಲ್ಲಿ ಎರಡು ಮಾತ್ರ ಚಿಟ್ಟೆಯಾಗಿ ಉಳಿದು ಸಂತಾನ ಬೆಳೆಸಿದರೆ ಸಂಖ್ಯೆ ಇದ್ದಷ್ಟೇ ಇರುತ್ತದೆ. ನಾಲ್ಕು ಉಳಿದರೆ ಇಮ್ಮಡಿ. ಒಂದೇ ಉಳಿದರೆ ಅರ್ಧ. ಎಂದರೆ ಬದುಕುಳಿಯುವ ಪ್ರಮಾಣ ಶೇಕಡಾ ಒಂದರಿಂದ ಎರಡಕ್ಕೆ ಏರಿದರೆ ಸಾಕು, ಚಿಟ್ಟೆಗಳು ಒಂದೇ ತಲೆಮಾರಿಗೆ ಇಮ್ಮಡಿಸುತ್ತವೆ. ಬೆಚ್ಚನೆಯ ಕಾಲದಲ್ಲಿ ಅನೇಕ ಚಿಟ್ಟೆಗಳಿಗೆ ಮೊಟ್ಟೆಯಿಂದ ರೆಕ್ಕೆಯವರೆಗೆ ಸುಮಾರು ಒಂದು ತಿಂಗಳು ಸಾಕು. ಒಳ್ಳೆಯ ಮಳೆಗಾಲದಲ್ಲಿ ಮೂರು ತಲೆಮಾರು ಹೀಗೆ ಇಮ್ಮಡಿಸಿದರೆ ಒಂದಿದ್ದದ್ದು ಎಂಟಾಗುತ್ತದೆ. ಕೆಟ್ಟ ಮಳೆಗಾಲದಲ್ಲಿ ಮೂರು ಸಲ ಅರ್ಧವಾದರೆ ಎಂಟಿದ್ದದ್ದು ಒಂದಾಗುತ್ತದೆ. ‘ಎಲ್ಲೆಲ್ಲೂ ಚಿಟ್ಟೆ’, ‘ಚಿಟ್ಟೆಯೇ ಇಲ್ಲ’ ಎಂಬ ಎರಡು ಉದ್ಗಾರಗಳ ನಡುವಿನ ಅಂತರ ಇಷ್ಟೇ.

ಇದಕ್ಕೆ ಶತ್ರುಗಳ ಲೆಕ್ಕವನ್ನೂ ಸೇರಿಸಬೇಕು. ಕಬ್ಬಿನ ಸುಳಿಕೊರಕದ ಹತೋಟಿಗೆಂದು ನಾವು ಬಿಡುವ ಟ್ರೈಕೋಗ್ರಾಮದಂಥ ಪುಟ್ಟ ಕಣಜಗಳು ಚಿಟ್ಟೆಯ ಮೊಟ್ಟೆಯಲ್ಲೂ ಬೆಳೆಯುತ್ತವೆ. ಬೇರೆ ಜಾತಿಯ ಕಣಜಗಳು ಮರಿಹುಳುವಿನೊಳಗೆ ಬೆಳೆಯುತ್ತವೆ. ಚಿಟ್ಟೆ ಹೆಚ್ಚಿದರೆ ಸ್ವಲ್ಪ ತಡವಾಗಿ ಕಣಜವೂ ಹೆಚ್ಚುತ್ತದೆ. ಆದುದರಿಂದ ಸಮೃದ್ಧಿಯ ಹಿಂದೆಯೇ ಇಳಿತ ಬರುವುದು ಸಹಜ. ಅದು ವಿಪತ್ತಿನ ಗುರುತಾಗಬೇಕಿಲ್ಲ.

ಹೊರದೇಶಗಳ ದೀರ್ಘ ದಾಖಲೆಗಳು ಇದನ್ನೇ ಹೇಳುತ್ತವೆ. ಇಂಗ್ಲೆಂಡಿನಲ್ಲಿ 1976ರಿಂದ ನಿಗದಿತ ಹಾದಿಗಳಲ್ಲಿ ಚಿಟ್ಟೆಗಳನ್ನು ಎಣಿಸುತ್ತ ಬಂದಿದ್ದಾರೆ. ಆ ವರ್ಷ ಅಲ್ಲಿ ಭೀಕರ ಬೇಸಗೆ. ಬಿಸಿಲಿನಿಂದಾಗಿ ಆ ವರ್ಷ ಚಿಟ್ಟೆಗಳು ಹೇರಳವಾಗಿ ಹಾರಿದವು; ಆದರೆ ಒಣಗಿದ ಹುಲ್ಲು, ಗಿಡಗಳ ಮೇಲೆ ಮರಿಗಳಿಗೆ ಮೇವಿಲ್ಲದೆ ಮರುವರ್ಷ ಹಲವು ಪ್ರಭೇದಗಳು ಕುಸಿದವು. ಕಂಡ ವರ್ಷದ ಸಂಭ್ರಮವೇ ಮರುವರ್ಷದ ಕೊರತೆಯ ಮುನ್ಸೂಚನೆಯಾಗಿತ್ತು. ಆ ದಾಖಲೆಗಳನ್ನು ಆಧರಿಸಿ 2001ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 31 ಪ್ರಭೇದಗಳಲ್ಲಿ 28ರ ಏರಿಳಿತಕ್ಕೂ ಹವಾಮಾನಕ್ಕೂ ಗಾಢ ಸಂಬಂಧವಿರುವುದನ್ನು ಗುರುತಿಸಿತು. ಅಲ್ಲಿ ಚಿಟ್ಟೆಗೆ ಬೇಕಾದದ್ದು ಬೇಸಗೆಯ ಬೆಚ್ಚನೆ. ನಮ್ಮಲ್ಲಿ ಬೆಚ್ಚನೆಗೆ ಕೊರತೆಯಿಲ್ಲ; ಇಲ್ಲಿ ದಾರ ಹಿಡಿದಿರುವುದು ಮಳೆ. ಪುಣೆಯ ಸುತ್ತಿನ ಘಟ್ಟ ಪ್ರದೇಶದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಿಟ್ಟೆಗಳ ಸಂಖ್ಯೆ ತುಟ್ಟತುದಿ ಮುಟ್ಟಿದ್ದು ಮಳೆಗಾಲದ ಕೊನೆಗೂ ಚಳಿಗಾಲದ ಆರಂಭಕ್ಕೂ.

ಹಾಗಾದರೆ ಚಿಂತೆ ಏಕೆ?

ಎಲ್ಲವೂ ಹವಾಮಾನದ ಆಟವಾದರೆ ನಾವು ಕೈಕಟ್ಟಿ ಕೂರಬಹುದಲ್ಲ ಎಂದು ಕೇಳುವವರಿಗೆ ಮೊನಾರ್ಕ್ ಚಿಟ್ಟೆಯ ಉದಾಹರಣೆ ಸಾಕು. ನಮ್ಮ ಬ್ಲೂ ಟೈಗರ್‌ನ ಬಳಗಕ್ಕೇ ಸೇರಿದ ಇದು ಉತ್ತರ ಅಮೆರಿಕದಿಂದ ಮೆಕ್ಸಿಕೋದ ಬೆಟ್ಟಗಳಿಗೆ ಚಳಿಗಾಲ ಕಳೆಯಲು ಬರುತ್ತದೆ. ಅಲ್ಲಿ ಅದು ಆವರಿಸುವ ಕಾಡಿನ ವಿಸ್ತೀರ್ಣವನ್ನು ವರ್ಷವರ್ಷವೂ ಅಳೆಯುತ್ತಾರೆ. 2023-24ರ ಚಳಿಗಾಲದಲ್ಲಿ ಅದು 0.9 ಹೆಕ್ಟೇರ್, 2024-25ರಲ್ಲಿ 1.79 ಹೆಕ್ಟೇರ್. ಒಂದೇ ವರ್ಷದಲ್ಲಿ ಇಮ್ಮಡಿಯಾಯಿತೆಂದು ಸಂತೋಷಪಡಬಹುದು. ಆದರೆ 1996-97ರಲ್ಲಿ ಅದು ಸುಮಾರು 18 ಹೆಕ್ಟೇರ್ ಆವರಿಸಿತ್ತು. ಕಳೆನಾಶಕ ತಾಳಿಕೊಳ್ಳುವ ಬೆಳೆಗಳು ಬಂದ ಮೇಲೆ ಹೊಲಗಳಿಂದ ಎಕ್ಕದ ಬಳಗದ ಆಹಾರಸಸ್ಯ ಅಳಿದದ್ದು ಆ ಇಳಿತಕ್ಕೆ ಕೊಟ್ಟಿರುವ ಮುಖ್ಯ ಕಾರಣಗಳಲ್ಲೊಂದು. ಹವಾಮಾನ ಚಿಟ್ಟೆಯನ್ನು ಮೆಟ್ಟಿಲಿಳಿಸುತ್ತದೆ, ಮೆಟ್ಟಿಲೇರಿಸುತ್ತದೆ. ನೆಲ ಕೈತಪ್ಪಿದರೆ ಮೆಟ್ಟಿಲುಗಳೇ ಕಾಣೆಯಾಗುತ್ತವೆ. ಅಮೆರಿಕದ ಹತ್ತಾರು ಎಣಿಕೆ ಕಾರ್ಯಕ್ರಮಗಳ ದಾಖಲೆಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. 2000ದಿಂದ 2020ರ ನಡುವೆ ಅಲ್ಲಿನ ಚಿಟ್ಟೆಗಳ ಒಟ್ಟು ಸಂಖ್ಯೆ ಶೇಕಡಾ 22ರಷ್ಟು ಇಳಿದಿದೆಯೆಂದು ಅದು ತಿಳಿಸಿತು. ಇಂಥ ಸತ್ಯ ಇಪ್ಪತ್ತು ವರ್ಷ ಎಣಿಸಿದವರಿಗೆ ಮಾತ್ರ ಕಾಣುತ್ತದೆ.

ಈಗ ಬಾಗಲೂರಿನ ನೆಲವನ್ನು ನೋಡೋಣ. ಅದು ಮೂಲತಃ ರಾಗಿಯ ಸೀಮೆ. ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಹರಳು ಬೆಳೆಯುತ್ತಿದ್ದವು. ಅವರೆಯ ಹೂ, ಕಾಯಿಗಳ ಮೇಲೆ ಬಟಾಣಿ ನೀಲಿ ಚಿಟ್ಟೆಯೂ ಹರಳಿನ ಎಲೆಯ ಮೇಲೆ ಕ್ಯಾಸ್ಟರ್ ಚಿಟ್ಟೆಯೂ ಮರಿ ಬೆಳೆಸುತ್ತವೆ. ಹುಚ್ಚೆಳ್ಳಿನ ಹಳದಿ ಹೂವು ಅರಳುವ ಕಾಲಕ್ಕೆ ಸರಿಯಾಗಿ ಚಿಟ್ಟೆಗಳು ಘಟ್ಟಕ್ಕೆ ಮರಳುವ ಪಯಣ ಆರಂಭವಾಗುತ್ತದೆ. ಬೇಲಿಯ ಎಕ್ಕ, ಗುಂಡುತೋಪಿನ ಹೊಂಗೆ, ಅತ್ತಿ, ಆಲಗಳು ಬೇರೆ ಬೇರೆ ಚಿಟ್ಟೆಗಳಿಗೆ ತೊಟ್ಟಿಲು. ಅಪ್ಸೆಣಬಿನ ಜಾತಿಗೆ ಸೇರಿದ ಗಿಜಿಗಿಜಿ ಗಿಡದಿಂದಲೂ ಚೇಳುಕೊಂಡಿ ಗಿಡದಿಂದಲೂ ಗಂಡು ಟೈಗರ್, ಕ್ರೋ ಚಿಟ್ಟೆಗಳು ಕೂಡುವಿಕೆಗೆ ಅಗತ್ಯವಾದ ರಾಸಾಯನಿಕಗಳನ್ನು ಹೀರುತ್ತವೆ. ಕಂದಾಯದ ಕಡತದಲ್ಲಿ ಇವೆಲ್ಲ ‘ಖರಾಬು’, ‘ಪಾಳು’ ಅಥವಾ ‘ಕಳೆ’. ಆ ಕಡತದ ಭಾಷೆಯೇ ಚಿಟ್ಟೆಗೆ ಮೊದಲ ಪೆಟ್ಟು ಕೊಡುತ್ತದೆ.

ಈ ನೆಲ ಬದಲಾದದ್ದು ಒಂದೇ ದಿನದಲ್ಲಲ್ಲ. ಮೊದಲು ರಾಗಿಯ ಜಾಗಕ್ಕೆ ನೀಲಗಿರಿ ಬಂತು, ಕೊಳವೆಬಾವಿ ಸಿಕ್ಕ ಕಡೆ ಔಷಧ ಹೊಡೆಯುವ ದ್ರಾಕ್ಷಿ ಬಂತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ರಸ್ತೆ, ಬಡಾವಣೆ, ಏರೋಸ್ಪೇಸ್ ಪಾರ್ಕ್‌ಗಳು ಬಂದವು. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈ 15ರಂದು ಸರ್ಕಾರ ಆ ಪ್ರಸ್ತಾಪವನ್ನು ಕೈಬಿಟ್ಟಿತು. ರೈತರು ಹೋರಾಡಿದ್ದು ಅನ್ನಕ್ಕಾಗಿ, ಚಿಟ್ಟೆಗಾಗಿ ಅಲ್ಲ. ಆದರೂ ಉಳುವ ನೆಲ ಉಳಿದ ಕಡೆ ಬೇಲಿಯೂ ಬದುವೂ ಕೆರೆಯಂಗಳವೂ ಉಳಿಯುವ ಅವಕಾಶವಿರುತ್ತದೆ. ನಮ್ಮ ಹಳ್ಳಿಗಾಡಿನಲ್ಲಿ ಪರಿಸರದ ಹೋರಾಟವೂ ಬದುಕಿನ ಹೋರಾಟವೂ ಒಂದೇ ಬದುವಿನ ಮೇಲೆ ನಿಲ್ಲುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ.

ಕೆಟ್ಟ ಮಳೆಯ ವರ್ಷದಲ್ಲಿ ಎಲ್ಲ ಕಡೆಯ ಚಿಟ್ಟೆಯೂ ಒಂದೇ ಸಮನೆ ಸಾಯುವುದಿಲ್ಲ. ಕೆರೆಯ ಕೆಳಗಿನ ತಂಪಿನಲ್ಲಿ, ತೋಪಿನ ನೆರಳಿನಲ್ಲಿ, ರಾಜಕಾಲುವೆಯ ಅಂಚಿನ ಹಸಿರಿನಲ್ಲಿ ಅಷ್ಟಿಷ್ಟು ಉಳಿಯುತ್ತವೆ. ಒಳ್ಳೆಯ ಮಳೆ ಬಂದಾಗ ಅಲ್ಲಿಂದಲೇ ಸುತ್ತಣ ಸೀಮೆ ಮತ್ತೆ ತುಂಬುತ್ತದೆ. ಬಿತ್ತನೆಯ ಬೀಜ ಕಾದಿಟ್ಟ ಮನೆ ಬರಗಾಲವನ್ನು ದಾಟುವಂತೆ. ಈ ಮೂಲೆಗಳನ್ನು ಕಾಂಕ್ರೀಟಿನಿಂದ ಮುಚ್ಚಿ, ಉಳಿದದ್ದಕ್ಕೆ ಹುಲ್ಲುಹಾಸು ಹೊದಿಸಿದರೆ, ಒಂದು ಬರ ಸಾಕು; ಮರುವರ್ಷದ ಸುಮಳೆಗೆ ಮೊಟ್ಟೆಯಿಡಲು ತಾಯಿಯೇ ಇರುವುದಿಲ್ಲ.

ಬಯಲಿನವರನ್ನು ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ತೋಟಗಳಲ್ಲಿ ಕತ್ತಿಯ ಜಾಗವನ್ನು ಕಳೆನಾಶಕ ಹಿಡಿದಿದೆ. ರಸ್ತೆಬದಿಯ ಹೂಗಿಡಗಳನ್ನು ಚಿಟ್ಟೆಗಳು ಮರಳಿಬರುವ ಕಾಲಕ್ಕೇ ಸವರಿಹಾಕುತ್ತೇವೆ. ಸೊಪ್ಪಿನಬೆಟ್ಟದ ವೈವಿಧ್ಯವನ್ನು ಅಕೇಶಿಯಾ ತಿಂದಿದೆ. ರಾಜ್ಯದ ಚಿಟ್ಟೆಯೆಂದು ನಾವು ಹೆಮ್ಮೆಪಡುವ ಸದರ್ನ್ ಬರ್ಡ್‌ವಿಂಗ್ ವಲಸೆ ಹೋಗುವ ಜಾತಿಯಲ್ಲ. ಅದರ ಮರಿಗೆ ಬೇಕಾದದ್ದು ಈಶ್ವರಿ ಬಳ್ಳಿಯ ಬಳಗ. ಬಳ್ಳಿಯನ್ನು ಕಳೆಯೆಂದು ಕಿತ್ತು ಚಿಟ್ಟೆಯ ಚಿತ್ರವನ್ನು ಶಾಲೆಯ ಗೋಡೆಗೆ ಅಂಟಿಸುವುದರಲ್ಲಿ ಅರ್ಥವಿಲ್ಲ.

‘ಚಿಟ್ಟೆ ಬೆಳೆ ತಿನ್ನುವ ಹುಳುವಲ್ಲವೇ?’ ಎಂದು ಕೃಷಿಕರು ಕೇಳುವುದುಂಟು. ನಿಂಬೆಯ ಸಸಿಗಳನ್ನು ನಿಂಬೆ ಚಿಟ್ಟೆಯ ಮರಿ ಬೋಳಿಸುತ್ತದೆ, ನಿಜ. ಆದರೆ ಬಹುಪಾಲು ಚಿಟ್ಟೆಗಳು ಬೆಳೆಯ ತಂಟೆಗೆ ಬರುವುದಿಲ್ಲ. ಪರಾಗಸ್ಪರ್ಶದಲ್ಲಿ ಅವು ಜೇನಿಗೆ ಸಮನೆಂದು ಹೇಳಿದರೂ ಉತ್ಪ್ರೇಕ್ಷೆಯಾದೀತು. ಅವುಗಳ ದೊಡ್ಡ ಉಪಯೋಗ ಬೇರೆ. ತಿಂಗಳಿಗೊಂದು ತಲೆಮಾರು ಕಾಣುವ, ಹಗಲಿನಲ್ಲೇ ಹಾರುವ, ಮಗುವೂ ಗುರುತಿಸಬಲ್ಲ ಈ ಜೀವಿ ಮಳೆ ಮತ್ತು ನೆಲಗಳ ಬದಲಾವಣೆಯನ್ನು ಮರಗಳಿಗಿಂತ ಎಷ್ಟೋ ಮೊದಲೇ ನಮಗೆ ತೋರಿಸುತ್ತದೆ.

ಎಣಿಸೋಣ, ಬರೆದಿಡೋಣ

ಬೆಂಗಳೂರಿನ ಮತ್ತು ಅದರ ನೆರೆಯ ಚಿಟ್ಟೆಗಳ ಪಟ್ಟಿಯನ್ನು ಜೆ.ಎ. ಯೇಟ್ಸ್ 1933ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಯಾವ ಚಿಟ್ಟೆ ಉಂಟು ಎಂದು ಪಟ್ಟಿ ಹೇಳುತ್ತದೆ. ಎಷ್ಟು ಉಂಟು ಎಂದು ತಿಳಿಯಲು ಎಣಿಕೆ ಬೇಕು. 2020ರಿಂದ ದೇಶದಾದ್ಯಂತ ಸೆಪ್ಟೆಂಬರನ್ನು ಚಿಟ್ಟೆಗಳ ಮಾಸವಾಗಿ ಆಚರಿಸುತ್ತಿರುವುದು ಸ್ವಾಗತಾರ್ಹ. ಆದರೆ ವಲಸೆಯ ಚಿಟ್ಟೆಗಳ ಕಥೆ ಇರುವುದು ಮೇ ತಿಂಗಳಿನಲ್ಲಿ ಮತ್ತು ಅಕ್ಟೋಬರ್, ನವೆಂಬರ್‌ಗಳಲ್ಲಿ. ಒಂದು ತಿಂಗಳ ಉತ್ಸಾಹವನ್ನು ವರ್ಷದ ಶಿಸ್ತಾಗಿ ಬೆಳೆಸಬೇಕು.

ವಿಧಾನ ಸುಲಭ. ಅರ್ಧ ಅಥವಾ ಒಂದು ಕಿಲೋಮೀಟರಿನ ಒಂದು ಹಾದಿಯನ್ನು ಆರಿಸಿಕೊಳ್ಳಿ. ಬಿಸಿಲಿರುವ ದಿನ, ಬೆಳಗಿನ ಒಂಬತ್ತರಿಂದ ಹನ್ನೆರಡರೊಳಗೆ, ಒಂದೇ ವೇಗದಲ್ಲಿ ನಡೆಯಿರಿ. ಎಡಕ್ಕೂ ಬಲಕ್ಕೂ ಎರಡೂವರೆ ಮೀಟರ್, ಮುಂದಕ್ಕೆ ಐದು ಮೀಟರ್ ಒಳಗೆ ಕಂಡವನ್ನು ಮಾತ್ರ ಎಣಿಸಿ. ಹದಿನೈದು ದಿನಕ್ಕೊಮ್ಮೆ ಅದೇ ಹಾದಿಯಲ್ಲಿ ಮತ್ತೆ ನಡೆಯಿರಿ. ಹತ್ತು ಚಿಟ್ಟೆಗಳ ಗುರುತು ಕಲಿತರೂ ಆರಂಭಕ್ಕೆ ಸಾಕು. ಪಕ್ಕದಲ್ಲೇ ಮಳೆ ಅಳತೆ, ಹೂಬಿಟ್ಟ ಗಿಡ, ಕಳೆ ಸವರಿದ ದಿನಾಂಕ ಬರೆದಿಡಿ. ಚಿಟ್ಟೆ ಕಾಣದ ದಿನ ಸೊನ್ನೆಯನ್ನೂ ತಪ್ಪದೆ ಬರೆಯಿರಿ. ಸೊನ್ನೆಯೂ ಒಂದು ಸಂಗತಿ. ಮಲೆನಾಡಿನ ಒಂದು ಶಾಲೆ, ಬಾಗಲೂರಿನಂಥ ಬಯಲಿನ ಒಂದು ಶಾಲೆ ಜೋಡಿಯಾಗಿ ಎಣಿಸಿ ಪುಸ್ತಕಗಳನ್ನು ವಿನಿಮಯ ಮಾಡಿಕೊಂಡರೆ, ಘಟ್ಟ ಬಯಲುಗಳ ನಂಟು ಮಕ್ಕಳ ಕೈಬರಹದಲ್ಲೇ ಸ್ಪಷ್ಟವಾದೀತು.

ಎಣಿಕೆಯ ಫಲ ಬರಲು ಹತ್ತು ವರ್ಷ ಬೇಕು. ಅಲ್ಲಿಯವರೆಗೆ ನೆಲ ಕಾಯಬೇಕಲ್ಲ! ಆದುದರಿಂದ ಕೆಲವು ಬೇಡಿಕೆಗಳನ್ನು ಇಂದೇ ಇಡೋಣ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಏರಿಯ, ಅಂಗಳದ ಕಾಡುಗಿಡಗಳನ್ನು ಪೂರ್ತಿ ಬೋಳಿಸಬಾರದು. ಗುಂಡುತೋಪುಗಳ, ರಾಜಕಾಲುವೆಗಳ ಅಂಚನ್ನು ಸ್ಥಳೀಯ ಆಡಳಿತವು ಗುರುತುಮಾಡಿ ಉಳಿಸಬೇಕು. ರಸ್ತೆಬದಿಯ ಸವರುವಿಕೆಯನ್ನು ಹೂವಿನ ಕಾಲ ಮುಗಿಯುವವರೆಗೆ ಮುಂದೂಡಬೇಕು. ನಮ್ಮ ತೋಟಗಳಲ್ಲಿ ಬೇಲಿಯಂಚಿನ ಒಂದು ಪಟ್ಟಿಯಾದರೂ ಕಳೆನಾಶಕದಿಂದ ಮುಕ್ತವಾಗಿರಬೇಕು. ಇವುಗಳಿಗೆ ಹೆಚ್ಚು ಹಣ ಬೇಡ. ಕೆಲವು ಕಡೆ ಕೆಲಸ ಮಾಡದೆ ಸುಮ್ಮನಿದ್ದರೂ ಸಾಕು.

ಮಳೆಯನ್ನು ತರಿಸುವುದಾಗಲಿ ತಡೆಯುವುದಾಗಲಿ ನಮ್ಮ ಕೈಯಲ್ಲಿಲ್ಲ. ಹವಾಮಾನ ಇನ್ನಷ್ಟು ಅಸ್ಥಿರವಾಗುತ್ತಿರುವ ಈ ದಿನಗಳಲ್ಲಿ ಕೆಟ್ಟ ವರ್ಷಗಳು ಹತ್ತಿರ ಹತ್ತಿರ ಬರಬಹುದು. ಕೆಟ್ಟ ವರ್ಷ ಕಳೆದ ಮೇಲೆ ಬರುವ ಒಳ್ಳೆಯ ಮಳೆಗೆ ಚಿಗುರಲು ಬೇಲಿಯಲ್ಲಿ ಒಂದು ಬಳ್ಳಿ, ಆ ಬಳ್ಳಿಯನ್ನು ಹುಡುಕಿ ಬರಲು ಒಂದು ಚಿಟ್ಟೆ ಉಳಿದಿರುವಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.